ತರಗತಿಯ ಮಾತು ಮಕ್ಕಳ ಪಾಲಿಗೂ ಬರಲಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ಗೌರವಪೂರ್ವಕ ವಂದನೆಗಳು.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸತೊಡಗಿದ್ದು 2007ರಲ್ಲಿ. ಅಂದು ಅಕ್ಷರ ತಿದ್ದಿದ ಮಕ್ಕಳು ಈಗ ಕೆಲಸ ಹುಡುಕುವ ವಯಸ್ಸಿನವರು. ಹತ್ತು ವರ್ಷ ಇಂಗ್ಲಿಷ್ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕವನ್ನೇ ಪಡೆದವರು ಕೂಡ ಸಂದರ್ಶನದಲ್ಲಿ ತಮ್ಮ ಊರಿನ ಬಗ್ಗೆ ನಾಲ್ಕು ವಾಕ್ಯ ಹೇಳಲು ತಡವರಿಸುತ್ತಾರೆ. ಮಕ್ಕಳ ದಡ್ಡತನವೋ ಶಿಕ್ಷಕರ ಸೋಮಾರಿತನವೋ ಇದಕ್ಕೆ ಕಾರಣವಲ್ಲ. ತರಗತಿಯಲ್ಲಿ ಮಾತಾಡುವವರು ಶಿಕ್ಷಕರೊಬ್ಬರೇ ಆಗಿರುವುದು ಕಾರಣವೆಂದು, ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನಾನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಲೆಕ್ಕ ಸರಳವಾಗಿದೆ. ನಲವತ್ತು ನಿಮಿಷದ ಪೀರಿಯಡ್ಡು, ನಲವತ್ತು ಮಕ್ಕಳು. ಶಿಕ್ಷಕರು ತುಟಿ ಬಿಚ್ಚದೆ ಒಬ್ಬೊಬ್ಬರನ್ನೇ ಎಬ್ಬಿಸಿದರೂ ಪ್ರತಿ ಮಗುವಿಗೆ ದಕ್ಕುವುದು ಒಂದು ನಿಮಿಷ. ಅದೇ ಮಕ್ಕಳನ್ನು ಇಬ್ಬಿಬ್ಬರಾಗಿ ಮುಖಾಮುಖಿ ಕೂರಿಸಿ ಹತ್ತು ನಿಮಿಷ ಬಿಟ್ಟರೆ ತಲಾ ಐದು ನಿಮಿಷದ ಮಾತು ಸಿಗುತ್ತದೆ. ಗದ್ದಲವಾಗುತ್ತದೆ, ನಿಜ. ಆದರೆ ಪಾಠದ ಒಂದೊಂದು ಸಾಲನ್ನೂ ಇಡೀ ತರಗತಿ ರಾಗವಾಗಿ ಒಪ್ಪಿಸುವಾಗ ಆಗುವ ಗದ್ದಲಕ್ಕೆ ಯಾರ ಆಕ್ಷೇಪವೂ ಇಲ್ಲ.

ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅವರು ಗಮನಿಸಿದ್ದು ವಿಜ್ಞಾನದ ತರಗತಿಗಳನ್ನು. ಮನಸ್ಸಿನಲ್ಲಿ ಕನ್ನಡದಲ್ಲಿ ಹೊಳೆದದ್ದನ್ನು ಇಂಗ್ಲಿಷಿಗೆ ತಂದುಕೊಳ್ಳಬೇಕಾದ ನಮ್ಮ ಮಕ್ಕಳಿಗೆ ಮೂರು ಸೆಕೆಂಡೂ ಸಾಲದು. ಅವರು ಮೊದಲು ಪಕ್ಕದವರೊಂದಿಗೆ ಕನ್ನಡದಲ್ಲೇ ಚರ್ಚಿಸಿ, ಬೇಕಾದ ಪದಗಳನ್ನು ಕಪ್ಪು ಹಲಗೆಯಿಂದ ಆರಿಸಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಹೇಳಲಿ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಕೇಳಿಸಕೂಡದೆಂಬ ಹಟದಿಂದ ಮೊದಲು ಮೂಕರಾಗುವವರು ಮನೆಯಲ್ಲಿ ಇಂಗ್ಲಿಷ್ ಕೇಳದ ಮಕ್ಕಳೇ.

ತಪ್ಪು ತಿದ್ದುವ ರೀತಿಯೂ ಮುಖ್ಯ. ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಯೆಸ್ಟರ್‌ಡೇ ಐ ಗೋ ಸಂತೆ" ಎಂದಳೆನ್ನಿ. "ಗೋ ಅಲ್ಲ, ವೆಂಟ್" ಎಂದು ಅಲ್ಲೇ ತಡೆದರೆ ಅವಳು ಕೂತುಬಿಡುತ್ತಾಳೆ. "ಓ, ಯೂ ವೆಂಟ್ ಟು ದ ಸಂತೆ? ವಾಟ್ ಡಿಡ್ ಯೂ ಬೈ?" ಎಂದು ಕೇಳಿದರೆ ಸರಿಯಾದ ರೂಪವೂ ಕಿವಿಗೆ ಬೀಳುತ್ತದೆ, ಬದನೆಕಾಯಿ, ಬಳೆಗಳ ಸುದ್ದಿಯೂ ಹೊರಗೆ ಬರುತ್ತದೆ.

ಮಕ್ಕಳನ್ನು ಮಾತಾಡಿಸುತ್ತಲೇ ಕಲಿಸುವುದು ನಮಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪುಗಳಲ್ಲಿ ಕೂತು ಮಾತಾಡುತ್ತಲೇ ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬಂದೊಡನೆ ಅವರೆಲ್ಲ ಸಾಲಾಗಿ, ಸುಮ್ಮನೆ ಕೂರಬೇಕಾಗುವುದು ಯಾವ ನ್ಯಾಯವೋ ನನಗೆ ಅರ್ಥವಾಗಿಲ್ಲ.

ದ್ವಿತೀಯ ಭಾಷೆಯಾಗಿ ಇಂಗ್ಲಿಷಿಗೆ ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಈ 20ರಲ್ಲಿ ಅರ್ಧವನ್ನಾದರೂ ಮಾತಿಗೆಂದೇ ಕಡ್ಡಾಯವಾಗಿ ಮೀಸಲಿಡಬೇಕು. ಅದು ಬಾಯಿಪಾಠದ ಭಾಷಣಕ್ಕೆ ಕೊಡುವ ಅಂಕವಾಗದೆ, ಜೋಡಿಯಾಗಿ ನಡೆಸಿದ ಮಾತುಕತೆಯನ್ನು ಶಿಕ್ಷಕರು ವರ್ಷವಿಡೀ ಕೇಳಿಸಿಕೊಂಡು ಕೊಡುವ ಅಂಕವಾಗಬೇಕು. ಶಾಲಾ ಭೇಟಿಗೆ ಬರುವ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ)ಗಳ ನಮೂನೆಯಲ್ಲಿ ನೋಟ್‌ಬುಕ್ ತಿದ್ದಿದ್ದಾರೆಯೇ ಎಂಬ ಕಾಲಂ ಜೊತೆಗೆ, ಎಷ್ಟು ಮಕ್ಕಳು ಮಾತಾಡಿದರು ಎಂಬ ಕಾಲಂ ಕೂಡ ಇರಲಿ. ಶಿಕ್ಷಕರ ತರಬೇತಿಯನ್ನು ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ವಹಿಸಬಹುದು; ಆದರೆ ಅಲ್ಲೂ ದಿನವಿಡೀ ಉಪನ್ಯಾಸ ಕೇಳಿಸಿ ಕಳುಹಿಸಿದರೆ ಪ್ರಯೋಜನವಿಲ್ಲ.

ಬರುವ ಶೈಕ್ಷಣಿಕ ವರ್ಷದ ಮೌಲ್ಯಮಾಪನ ಮಾರ್ಗಸೂಚಿ ಹೊರಡುವ ಮುನ್ನ ಈ ಅಂಕಗಳ ವಿಷಯವನ್ನಾದರೂ ತೀರ್ಮಾನಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಶಿಕ್ಷಕ