ನೀನು ಕಳೆದುಹೋಗಿರಲಿಲ್ಲ

ಚಿತ್ರದುರ್ಗ
ಬುಧವಾರ ರಾತ್ರಿ

ಪುಟ್ಟವ್ವ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಾನೂ ಮಾಡಲಿಲ್ಲ, ನೀನೂ ಮಾಡಲಿಲ್ಲ. ಶನಿವಾರ ನಿನ್ನ ವಿಮಾನ. ಹಾಳೆಯಲ್ಲಿ ಬರೆದು, ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತೇನೆ. ಮಾತಾಡೋಕೆ ಹೋದರೆ ನನ್ನ ದನಿ ಏರುತ್ತೆ. ಬರೆಯುವಾಗ ಏರಲ್ಲ.

ಈಸ್ಟರ್ ರಜೆಗೆ ಇಸ್ತಾನ್‌ಬುಲ್‌ಗೆ ಹೋಗುತ್ತೇನೆ, ಅದೂ ಒಬ್ಬಳೇ ಅಂತ ನೀನು ಹೇಳಿದ ಮೇಲೆ ಇಬ್ಬರೂ ಏನೇನು ಮಾತಾಡಿದೆವು ಅನ್ನೋದು ಇಲ್ಲಿ ಬೇಡ. ಆದರೆ ಕೊನೆಗೆ ನೀನು ಹೇಳಿದ ಮಾತು ಮೂರು ದಿನದಿಂದ ನನ್ನನ್ನು ಬಿಟ್ಟಿಲ್ಲ. "ಅಪ್ಪಾಜಿ, ಅವತ್ತು ಕೋಟೇಲಿ ನಾನು ಕಳೆದುಹೋಗಿರಲಿಲ್ಲ. ನಂಗೆ ದಾರಿ ಗೊತ್ತಿತ್ತು. ಸುಮ್ನೆ ಹೊಡೆದೆ ನೀನು."

ಹದಿನಾರು ವರ್ಷ ಈ ಮಾತನ್ನು ಒಳಗೇ ಇಟ್ಟುಕೊಂಡಿದ್ದೆಯಾ?

ನನ್ನ ಕಡೆಯಿಂದ ಅವತ್ತು ಏನಾಯಿತು ಅಂತ ಹೇಳುತ್ತೇನೆ, ಕೇಳು. ದಸರಾ ರಜೆ. ದಾವಣಗೆರೆಯಿಂದ ನಿಮ್ಮತ್ತೆ ಮಕ್ಕಳು ಬಂದಿದ್ದರು. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು, ಹೊಂಡಗಳೆಲ್ಲ ತುಂಬಿದ್ದವು. ಅಕ್ಕ ತಂಗಿ ಹೊಂಡದ ಹತ್ತಿರ ತಲೆ ಎಣಿಸಿದರೆ ಒಂದು ಕಡಿಮೆ. ಮೊದಲು ಕೂಗಿದೆ. ಬಂಡೆಗೆ ಬಡಿದು ನನ್ನ ದನಿಯೇ ವಾಪಸ್ ಬಂತು. ಆಮೇಲೆ ನೀರು ನೋಡಿದೆ. ಮೇಲೆಲ್ಲ ಹಸಿರು ಪಾಚಿ. ಒಂದು ಕಡೆ ಮಾತ್ರ, ತಟ್ಟೆಯಷ್ಟು ಅಗಲ, ಪಾಚಿ ಒಡೆದು ಕರಿ ನೀರು ಕಾಣುತ್ತಿತ್ತು. ಅಲ್ಲಿ ಕಲ್ಲು ಬಿದ್ದಿರಬಹುದು, ಕೋತಿ ನೀರು ಕುಡಿದಿರಬಹುದು. ನನಗೆ ಅದು ಯಾವುದೂ ಹೊಳೆಯಲಿಲ್ಲ. ಆ ತೂತನ್ನೇ ನೋಡುತ್ತಾ ನಿಂತೆ. ನಿನ್ನ ಕೆಂಪು ರಿಬ್ಬನ್ ಮೇಲೆ ಬರುತ್ತೇನೋ ಅಂತ. ಬಾವಿಯಿಂದ ಮೋಟಾರು ಎತ್ತಿಸುವ ಕೆಲಸದವನು ನಾನು. ನೀರು ಏನೇನು ಒಳಗಿಟ್ಟುಕೊಂಡಿರುತ್ತೆ ಅಂತ ನೋಡಿದ್ದೇನೆ.

ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಕೊನೆಗೆ ಯಾರೋ ಹೇಳಿದರು, ಕಿಂಡಿ ಹತ್ತಿರ ಒಂದು ಹುಡುಗಿ ಕೂತಿದೆ ಅಂತ. ಇಳಿದು ಬಂದರೆ ನೀನು ಓಬವ್ವನ ಕಿಂಡಿ ಪಕ್ಕದ ಕಲ್ಲಿನ ಮೇಲೆ ಕೂತು, ಕಾಲು ಅಲ್ಲಾಡಿಸುತ್ತಾ ಮಂಡಕ್ಕಿ ತಿನ್ನುತ್ತಿದ್ದೆ. ನನ್ನನ್ನು ನೋಡಿ ನಕ್ಕೆ. ಆ ನಗುವಿಗೇ ನಾನು ಹೊಡೆದಿದ್ದು. ಪೊಟ್ಟಣ ಕೈಯಿಂದ ಬಿತ್ತು, ಕೋತಿ ಎತ್ತಿಕೊಂಡು ಹೋಯಿತು, ಉಳಿದ ಹುಡುಗರು ನಕ್ಕರು. ನೀನು ಅಳಲಿಲ್ಲ. ಅತ್ತಿದ್ದರೆ ಅವತ್ತೇ ಸಮಾಧಾನ ಮಾಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

ಅದಾದ ಮೇಲೆ ನೆಂಟರು ಬಂದಾಗೆಲ್ಲ ಈ ಕಥೆ ಹೇಳಿದ್ದೇನೆ. "ಕೋಟೇಲಿ ಕಳೆದುಹೋಗಿದ್ಲು, ನಾನು ಹುಡುಕಿ ತಂದೆ" ಅಂತ. ಸ್ಕೂಲಿನ ಮೈಸೂರು ಟೂರ್‌ಗೆ ಕಳಿಸದೇ ಇದ್ದಾಗ ಇದನ್ನೇ ಹೇಳಿದೆ. ಬೆಂಗಳೂರಿನ ಹಾಸ್ಟೆಲ್ ಬೇಡ ಅಂದಾಗಲೂ ಇದನ್ನೇ. ನೀನು ಒಂದು ಸಲವೂ "ಹಾಗಲ್ಲ" ಅನ್ನಲಿಲ್ಲ. ಹೆದರಿಕೆ ಇದ್ದಿದ್ದು ನನಗೆ, ಹೆಸರು ಮಾತ್ರ ನಿನ್ನದು. ತಪ್ಪಾಯಿತು ಕಣವ್ವ. ಹೊಡೆದಿದ್ದೂ ತಪ್ಪು, ಇಷ್ಟು ವರ್ಷ ಹಾಗೆ ಹೇಳಿಕೊಂಡು ಬಂದಿದ್ದು ಇನ್ನೂ ದೊಡ್ಡ ತಪ್ಪು.

ಸೋಮವಾರದಿಂದ ಅಂಗಡಿಯಲ್ಲಿ ಕೆಲಸದ ಮಧ್ಯೆ ಆ ಊರಿನ ಬಗ್ಗೆ ಓದುತ್ತಿದ್ದೇನೆ. ಏಪ್ರಿಲ್ ಅಂದರೆ ನಿನಗೆ ಗೊತ್ತಲ್ಲ, ಕಾಯಿಲ್ ಸುಟ್ಟ ಮೋಟಾರು ಬಾಗಿಲವರೆಗೂ ಸಾಲು ಇರುತ್ತೆ. ವೈಂಡಿಂಗ್ ಹುಡುಗರು ತಾಮ್ರದ ತಂತಿ ಸುತ್ತುತ್ತಿದ್ದರೆ ನಾನು ಮೊಬೈಲ್ ಹಿಡಿದು ಕೂತಿರುತ್ತೇನೆ.

ಮೊದಲು ಓದಿದ್ದು ನೆಲದಡಿಯ ನೀರಿನ ತೊಟ್ಟಿ. ಜಸ್ಟಿನಿಯನ್ ಅನ್ನೋ ದೊರೆ 6ನೇ ಶತಮಾನದಲ್ಲಿ ಕಟ್ಟಿಸಿದ್ದು. ಒಂಬತ್ತು ಮೀಟರ್ ಎತ್ತರದ 336 ಕಂಬ. ಮೇಲೆ ಊರು, ಕೆಳಗೆ ನೀರು. ಎಷ್ಟೋ ಕಾಲ ಅದು ಅಲ್ಲಿದೆ ಅನ್ನೋದೇ ಜನಕ್ಕೆ ಮರೆತುಹೋಗಿತ್ತಂತೆ. ಮೇಲಿನ ಮನೆಯವರು ಮಾತ್ರ ನೆಲದಲ್ಲಿ ತೂತು ಮಾಡಿ ಬಕೆಟ್ ಇಳಿಬಿಟ್ಟು ನೀರು ಸೇದುತ್ತಿದ್ದರಂತೆ, ಮೀನೂ ಸಿಗುತ್ತಿತ್ತಂತೆ. ಇದನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ನಮ್ಮ ಕೋಟೆಯಲ್ಲೂ ಹಾಗೇ ಅಲ್ವಾ? ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಒಂದೂ ಮೋಟಾರಿಲ್ಲ. ನೀರು ಇರೋವರೆಗೆ ಕೋಟೆ ತಡೆದುಕೊಳ್ಳುತ್ತೆ ಅನ್ನೋದು ಅವರಿಗೂ ಗೊತ್ತಿತ್ತು, ನಮ್ಮವರಿಗೂ ಗೊತ್ತಿತ್ತು.

ಆಮೇಲೆ ಗೋಡೆ. ಥಿಯೋಡೋಸಿಯಸ್ ಗೋಡೆ ಅಂತ ಹೆಸರು, 5ನೇ ಶತಮಾನದ್ದು. ಹೊರಗೆ ಕಂದಕ, ಅದರ ಹಿಂದೆ ಒಂದರ ಹಿಂದೆ ಒಂದು ಗೋಡೆ. ಸಾವಿರ ವರ್ಷ ನಿಂತಿತ್ತು. 1453ರ ಏಪ್ರಿಲ್‌ನಲ್ಲಿ ಒಟ್ಟೋಮನ್ ಸುಲ್ತಾನ ಎರಡನೇ ಮೆಹ್ಮದ್ ಮುತ್ತಿಗೆ ಹಾಕಿದ, ಮೇ 29ಕ್ಕೆ ಊರು ಬಿತ್ತು. ಅವನಿಗೆ ಆಗ 21 ವರ್ಷ. ನಿನಗಿಂತ ಚಿಕ್ಕವನು. ದೊಡ್ಡ ಫಿರಂಗಿಗಳು ಗೋಡೆ ಒಡೆದದ್ದು ನಿಜ. ಆದರೆ ಒಂದು ಚಿಕ್ಕ ಬಾಗಿಲನ್ನು ಮುಚ್ಚೋದು ಮರೆತಿದ್ದರು, ಅಲ್ಲಿಂದಲೂ ಸೈನಿಕರು ನುಗ್ಗಿದರು ಅಂತ ಒಂದು ಕಥೆ ಇದೆ. ಓದಿದಾಗ ಮೈ ಜುಂ ಅಂತು. ಅವರ ಕಿಂಡಿಯಲ್ಲಿ ಒನಕೆ ಹಿಡಿದು ನಿಲ್ಲೋಕೆ ಯಾರೂ ಇರಲಿಲ್ಲ. ನಮ್ಮ ಕೋಟೆಯೂ ಕೊನೆಗೆ 1779ರಲ್ಲಿ ಹೈದರಾಲಿ ಪಾಲಾಯಿತು, ಅದು ಬೇರೆ ಮಾತು. ಆದರೆ ಕಿಂಡಿಯಿಂದ ಅಲ್ಲ. ಅಲ್ಲಿಗೆ ಹೋದವರೆಲ್ಲ ಆಯಾ ಸೋಫಿಯಾದ ಆ ದೊಡ್ಡ ಗುಮ್ಮಟ ನೋಡಿ ಬಂದುಬಿಡುತ್ತಾರೆ. ನೀನು ಒಂದು ದಿನ ಗೋಡೆಗೆ ಇಡು. ಹಗಲು ಹೊತ್ತಲ್ಲೇ ಹೋಗು, ಕೆಲವು ಕಡೆ ಜನ ಓಡಾಡಲ್ಲವಂತೆ.

ಈಗ ಸ್ವಲ್ಪ ಹೇಳೋದಿದೆ. ಬೈಯಬೇಡ. ಆಯಾ ಸೋಫಿಯಾ ಈಗ ಮತ್ತೆ ಮಸೀದಿ, ತಲೆ ಮೇಲೆ ಬಟ್ಟೆ ಬೇಕು. ಅತ್ತೆ ಕೊಟ್ಟ ಶಾಲು ಬ್ಯಾಗಿನ ಮೇಲ್ಗಡೆಯೇ ಇಟ್ಟುಕೋ. ಈ-ವೀಸಾದ ಎರಡು ಪ್ರಿಂಟ್ ತೆಗೆಸು, ಒಂದು ಬ್ಯಾಗಲ್ಲಿ, ಒಂದು ಮೈಮೇಲೆ. ರಸ್ತೆಯಲ್ಲಿ ಬೂಟ್ ಪಾಲಿಶ್ ಮಾಡುವವನು ನಿನ್ನ ಮುಂದೆಯೇ ಬ್ರಷ್ ಬೀಳಿಸಿಕೊಂಡು ಹೋಗುತ್ತಾನಂತೆ. ಪಾಪ ಅಂತ ಎತ್ತಿಕೊಟ್ಟರೆ, ಥ್ಯಾಂಕ್ಸ್ ಹೇಳೋ ನೆಪದಲ್ಲಿ ಪಾಲಿಶ್ ಮಾಡಿ ದುಡ್ಡು ಕೇಳುತ್ತಾನಂತೆ. ನೀನು ಖಂಡಿತ ಎತ್ತಿಕೊಡುವವಳು. ಎತ್ತಬೇಡ. ಬಜಾರಿನಲ್ಲಿ ಸಾವಿರಗಟ್ಟಲೆ ಅಂಗಡಿ ಇವೆ, ಯಾರೋ ಕೂರಿಸಿ ಚಹಾ ಕೊಟ್ಟರು ಅಂತ ಮುಲಾಜಿಗೆ ಕಾರ್ಪೆಟ್ ಕೊಳ್ಳಬೇಡ. ಕತ್ತಲಾದ ಮೇಲೆ ಒಬ್ಬಳೇ ಗಲ್ಲಿ ಸುತ್ತಬೇಡ. ದೋಣಿ ಹತ್ತಿದಾಗ ಅಂಚಿಗೆ ಹೋಗಬೇಡ, ಫೋಟೋ ಮಧ್ಯದಿಂದಲೂ ಬರುತ್ತೆ. ನೀರಿನ ಹತ್ತಿರ

ಇಲ್ಲಿಗೆ ನಿಲ್ಲಿಸುತ್ತೇನೆ. ನಿಮ್ಮಮ್ಮ ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ. "ಮತ್ತೆ ಶುರು ಮಾಡಿದ್ರಾ" ಅಂದಳು.

ಲೈಬ್ರರಿಯಲ್ಲಿ ಗಂಟೆ ಲೆಕ್ಕದಲ್ಲಿ ದುಡಿದು ಈ ಟಿಕೆಟ್ ತಗೊಂಡಿದ್ದೀಯ. ಅದನ್ನು ಭಾನುವಾರ ಒಂದು ಸಲವೂ ಮೆಚ್ಚಲಿಲ್ಲ ನಾನು. ಆದರೆ ಮಾರನೇ ದಿನ ಹೊಳಲ್ಕೆರೆ ಕಡೆಯಿಂದ ಮೋಟಾರು ತಂದ ರೈತರಿಗೆಲ್ಲ ಹೇಳಿದೆ, ನನ್ನ ಮಗಳು ಸ್ವಂತ ದುಡ್ಡಲ್ಲಿ ಟರ್ಕಿ ನೋಡೋಕೆ ಹೋಗುತ್ತಿದ್ದಾಳೆ ಅಂತ. ಒಬ್ಬರು ಕೇಳಿದರು, "ಒಬ್ರೇನಾ?" ಹೂಂ ಅಂದೆ. ಹೇಳುವಾಗ ಗಂಟಲು ಕಟ್ಟಿತು, ಆದರೂ ಹೂಂ ಅಂದೆ.

ಇವತ್ತು ಬೆಳಿಗ್ಗೆ ಕೋಟೆಗೆ ಹೋಗಿದ್ದೆ. ಎಷ್ಟೋ ವರ್ಷ ಆಗಿತ್ತು. ನೀನು ಕೂತಿದ್ದ ಕಲ್ಲು ಇದೇ ಇರಬೇಕು ಅಂತ ಒಂದರ ಮೇಲೆ ಕೂತೆ. ಅಲ್ಲಿಂದ ಅಕ್ಕ ತಂಗಿ ಹೊಂಡಕ್ಕೆ ಹೊರಟರೆ ನನಗೆ ಎರಡು ಸಲ ದಾರಿ ತಪ್ಪಿತು. ಎಲ್ಲಾ ಬಂಡೆ ಒಂದೇ ಥರ. ಕಾವಲಿನವರನ್ನು ಕೇಳಿ ಹೋದೆ. ಎಂಟು ವರ್ಷದ ಹುಡುಗಿ, ಒಬ್ಬಳೇ, ಅಷ್ಟು ದೂರ ಹೇಗೆ ಬಂದೆ ಪುಟ್ಟವ್ವ? ಯಾವ ಗುರುತು ಇಟ್ಟುಕೊಂಡಿದ್ದೆ? ಫೋನಲ್ಲಿ ಹೇಳಬೇಡ. ಊರಿಗೆ ಬಂದಾಗ ಮುಂದೆ ನಡೆದು ತೋರಿಸು.

ನಿನ್ನ,
ಅಪ್ಪಾಜಿ

ಮರೆತಿದ್ದೆ. ನಿನ್ನ ಅಕೌಂಟಿಗೆ ಹತ್ತು ಸಾವಿರ ಹಾಕಿದ್ದೇನೆ, ಆ ನೀರಿನ ತೊಟ್ಟಿಯ ಟಿಕೆಟ್‌ಗೆ. ಮಿಕ್ಕಿದರೆ ಮೀನು ಊಟ ಮಾಡು, ನಿಮ್ಮಮ್ಮನಿಗೆ ಹೇಳಬೇಡ. ವಾಪಸ್ ಕಳಿಸಬೇಡ.