ಮಣ್ಣಿನ ಬ್ಲಾಕು ಬಲ್ಲ ಗಾರೆಯವರು ಬೇಕು

ಮಾನ್ಯ ಸಂಪಾದಕರೇ,

ಮೂರು ವರ್ಷದ ಹಿಂದೆ ಮನೆಗೆ ಪಾಯ ತೋಡಿಸಿದಾಗ ಸೈಟಿನ ಮೂಲೆಯಲ್ಲಿ ಕೆಂಪು ಮಣ್ಣು ಗುಡ್ಡೆ ಬಿತ್ತು. ಅದನ್ನು ಸಾಗಿಸಲು ಒಂದು ಖರ್ಚು, ಇಟ್ಟಿಗೆ ತರಿಸಲು ಇನ್ನೊಂದು ಖರ್ಚು. ಕೊನೆಗೆ ಆ ಮಣ್ಣನ್ನೇ ಗೋಡೆ ಮಾಡಿದೆವು.

ಮಣ್ಣನ್ನು ಜರಡಿ ಹಿಡಿದೆವು. ಜಿಗುಟು ಜಾಸ್ತಿ ಇತ್ತು, ಕ್ರಷರ್ ಪುಡಿ ಬೆರೆಸಿದೆವು. ನೂರು ಪಾಲಿಗೆ 7 ಪಾಲು ಸಿಮೆಂಟು. ನೀರಿನ ಹದವೇ ಇದರ ಗುಟ್ಟು. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ಸೊಂಟದೆತ್ತರದಿಂದ ಬಿಟ್ಟರೆ ನಾಲ್ಕೈದು ಹೋಳಾಗಬೇಕು. ಪುಡಿಯಾದರೆ ನೀರು ಕಮ್ಮಿ, ಚಪ್ಪಟೆಯಾದರೆ ಜಾಸ್ತಿ. ಬಾಡಿಗೆಗೆ ತಂದ, ಬ್ಲಾಕು ಒತ್ತುವ ಪ್ರೆಸ್ಸಿನ ಉದ್ದ ಹಿಡಿಯನ್ನು ಇಬ್ಬರು ಜಗ್ಗಿದರೆ ಒಂದು ಬ್ಲಾಕು. ಗೋಣಿತಾಟು ಹೊದಿಸಿ ಮೂರು ವಾರ ನೀರು ಹಾಕಿದೆವು. ಸುಡಲು ಗೂಡು ಬೇಡ, ಸೌದೆ ಬೇಡ. ಎರೆಮಣ್ಣಿನ ಊರುಗಳಲ್ಲಿ ಇದು ಇಷ್ಟು ಸುಲಭ ಅಲ್ಲ, ನಿಜ.

‘ಮಣ್ಣಿನ ಗೋಡೆ ಅಲ್ವಾ, ಕರಗಲ್ವಾ?’ ಅಂತ ಊರವರು ಈಗಲೂ ಕೇಳುತ್ತಾರೆ. ಹೊರಗೆ ಪ್ಲಾಸ್ಟರ್ ಮಾಡಿಸಿಲ್ಲ. ಸೂರು ಮಾತ್ರ ಎರಡು ಅಡಿ ಚಾಚಿಸಿದ್ದೇವೆ. ಮೂರು ಮಳೆಗಾಲ ಕಳೆದರೂ ಬ್ಲಾಕಿನ ಅಂಚು ಸವೆದಿಲ್ಲ.

ಇದು ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಮುಟ್ಟಿಸಲೆಂದು 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ನಮ್ಮ ಜಿಲ್ಲೆಯ ಉಂಗ್ರ ಗ್ರಾಮದಲ್ಲೇ ಕೆಲಸ ಮಾಡಿತ್ತು. ಆ ಕೇಂದ್ರದ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇಂಥ ಬ್ಲಾಕುಗಳಿಗಾಗಿ ವರ್ಷಗಟ್ಟಲೆ ದುಡಿದರು. ಇವತ್ತು ಬೆಂಗಳೂರಲ್ಲಿ ಈ ಬಗೆಯ ಚೆಂದದ ಮನೆಗಳಿವೆ, ಆದರೆ ನಾನು ನೋಡಿದವೆಲ್ಲ ಉಳ್ಳವರವು. ಹಳ್ಳಿಯ ಬಡವರಿಗೆಂದು ಹುಟ್ಟಿದ್ದು ಅವರನ್ನೇ ಮುಟ್ಟಲಿಲ್ಲ. ನನಗೆ ನೋವಾಗುವುದು ಇಲ್ಲೇ.

ಯಾಕೆ ಹೀಗೆ? ಕೆಲಸ ಬಲ್ಲ ಗಾರೆಯವರಿಲ್ಲ. ನಮಗೆ ಒಬ್ಬರು ಸಿಗಲು ನಾಲ್ಕು ತಿಂಗಳು ಬೇಕಾಯಿತು. ಅವರು ಬರುವ ಮೊದಲು ನಾವೇ ಒತ್ತಿದ ಒಂದು ವಾರದ ಬ್ಲಾಕುಗಳು ಬಿರುಕು ಬಿಟ್ಟು ಹಾಳಾದವು. ತಾರಸಿಯ ಕಥೆಯೂ ಅದೇ. ಸ್ಲ್ಯಾಬಿನ ತಳಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲ. ಅಲ್ಲಿ ಒಂದಷ್ಟು ಕಾಂಕ್ರೀಟಿನ ಬದಲು ಮಂಗಳೂರು ಹೆಂಚು ಕೂರಿಸಿದರೆ ಸಿಮೆಂಟು, ಕಬ್ಬಿಣ ಎರಡೂ ಉಳಿಯುತ್ತವೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಇದನ್ನು ಎಷ್ಟೋ ಮನೆಗಳಲ್ಲಿ ಮಾಡಿ ತೋರಿಸಿದ್ದಾರೆ. ನಮ್ಮ ಕಡೆ ಕೇಳಿದರೆ, ‘ಸುಮ್ನೆ ರಿಸ್ಕ್ ಯಾಕೆ ಸಾರ್’ ಅನ್ನುತ್ತಾರೆ.

ನಿರ್ಮಿತಿ ಕೇಂದ್ರಗಳು ಶುರುವಾದದ್ದೇ ಕಮ್ಮಿ ಖರ್ಚಿನ ಕಟ್ಟಡದ ಕೆಲಸವನ್ನು ಜನರಿಗೆ ಕಲಿಸಲು. ಅವು ತಾಲ್ಲೂಕಿಗೆ ಹತ್ತು ಗಾರೆಯವರನ್ನಾದರೂ ತಯಾರು ಮಾಡಲಿ. ಕಲಿಯುವ ದಿನಗಳ ಕೂಲಿಯನ್ನು ಸರ್ಕಾರ ಕೊಡಲಿ, ಇಲ್ಲದಿದ್ದರೆ ಯಾರೂ ಬರಲಾರರು. ಪಂಚಾಯಿತಿಗೆ ಒಂದು ಪ್ರೆಸ್ಸು ಇರಲಿ. ಸರ್ಕಾರಿ ವಸತಿ ಯೋಜನೆಯ ಮುಂದಿನ ಪಟ್ಟಿಯ ಮನೆಗಳಿಂದಲೇ ಈ ಕೆಲಸ ಶುರುವಾಗಲಿ.

– ಒಬ್ಬ ಓದುಗ, ತುಮಕೂರು ಜಿಲ್ಲೆ