ಹಿಂದಿನ ಸೀಟಿನ ಕುಲುಕಾಟಕ್ಕೆ ಬೀಮ್ ಒಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

‘ಹಿಂದೆ ಟಾರ್ಶನ್ ಬೀಮ್ ಇದೆ, ಹಾಗಾಗಿ ಸವಾರಿ ಒರಟು’ ಎಂದು ಸಣ್ಣ ಕಾರುಗಳ ವಿಮರ್ಶೆಗಳಲ್ಲಿ ಒಂದೇ ಸಾಲಿನಲ್ಲಿ ತೀರ್ಪು ಕೊಡುವುದು ರೂಢಿಯಾಗಿದೆ. ಕೊಳ್ಳುವವರಿಗೆ ಇದರಿಂದ ಅನ್ಯಾಯವಾಗುತ್ತದೆ.

ಹಿಂದಿನ ಚಕ್ರಗಳನ್ನು ಹಿಡಿದಿರುವ ಎರಡು ತೋಳುಗಳನ್ನು (ಟ್ರೇಲಿಂಗ್ ಆರ್ಮ್) ಜೋಡಿಸುವ ಈ ಅಡ್ಡ ತೊಲೆ ಸುಲಭಕ್ಕೆ ಬಾಗದು, ಆದರೆ ತಿರುಚಿಕೊಳ್ಳುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ಆ ತಿರುಚುವಿಕೆಯೇ ವಾಲುವಿಕೆ ತಡೆಯುವ ಸರಳು, ಅಂದರೆ ಆಂಟಿ-ರೋಲ್ ಬಾರ್‌ನ ಕೆಲಸ ಮಾಡುತ್ತದೆ. ಬಿಡಿಭಾಗ ಕಡಿಮೆ, ಡಿಕ್ಕಿಗೆ ಜಾಗ ಹೆಚ್ಚು. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್‌ನಲ್ಲಿದ್ದ ಈ ರಚನೆ ಇಂದಿಗೂ ಉಳಿದಿರುವುದು ಬರೀ ಅಗ್ಗವೆಂದಲ್ಲ. ದೋಷವೂ ಇದೆ. ಬೀಮನ್ನು ಕಾರಿಗೆ ಜೋಡಿಸುವ ರಬ್ಬರ್ ಬುಷ್‌ಗಳು ತಿರುವಿನ ಅಡ್ಡಬಲಕ್ಕೆ ಹಿಸುಕಿಕೊಂಡು ಇಡೀ ಬೀಮ್ ತುಸು ಹೊರಳುತ್ತದೆ, ಕಾರಿನ ಹಿಂಭಾಗ ಹೊರಕ್ಕೆ ಸರಿಯಲು ನೋಡುತ್ತದೆ. ಇದನ್ನು ತಡೆಯಲೆಂದೇ ಬುಷ್‌ಗಳನ್ನು ಓರೆಯಾಗಿ ಕೂರಿಸುತ್ತಾರೆ. 2009ರ ಓಪೆಲ್ ಆಸ್ಟ್ರಾದಲ್ಲಿ ಬೀಮ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ವಾಟ್ಸ್ ಲಿಂಕ್ ಸೇರಿಸಿದ್ದೂ ಅದಕ್ಕೇ.

ಕುಲುಕಾಟದ ದೊಡ್ಡ ಕಾರಣ ತೂಕ. 900 ಕಿಲೋ ಕಾರು ಖಾಲಿಯಿದ್ದಾಗ ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಮ್ಮಿ 350 ಕಿಲೋ ಬೀಳುತ್ತದೆ. ಹಿಂದೆ ಮೂವರು ಕೂತು ಡಿಕ್ಕಿ ತುಂಬಿದರೆ 600ರ ಹತ್ತಿರ ಹೋಗುತ್ತದೆ. ಸ್ಪ್ರಿಂಗನ್ನು ತುಂಬಿದ ಕಾರಿಗೆ ಹೊಂದಿಸಿದರೆ ಒಬ್ಬರೇ ಓಡಿಸುವಾಗ ಪುಟಿಯುತ್ತದೆ. ಖಾಲಿ ಕಾರಿಗೆ ಹೊಂದಿಸಿದರೆ ಹಂಪ್ ದಾಟುವಾಗ ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ತಡೆಯುವ ಬಂಪ್ ಸ್ಟಾಪರ್‌ಗೆ ‘ಧಡ್’ ಎಂದು ಬಡಿಯುತ್ತದೆ. ಬೀಮ್ ಬದಲು ಪ್ರತಿ ಚಕ್ರಕ್ಕೂ ಬೇರೆ ಬೇರೆ ತೋಳುಗಳಿರುವ ಮಲ್ಟಿಲಿಂಕ್ ಹಾಕಿದರೂ ಈ ಇಕ್ಕಟ್ಟು ತಪ್ಪದು.

ರಿಪೇರಿಯಲ್ಲಿ ಆಗುವ ಒಂದು ತಪ್ಪನ್ನಂತೂ ಹೇಳಲೇಬೇಕು. ಹೊಸ ಬುಷ್ ಹಾಕಿ, ಕಾರು ಲಿಫ್ಟ್ ಮೇಲಿದ್ದು ಚಕ್ರಗಳು ಜೋತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ಕೆಳಗಿಳಿಸಿದ ಕೂಡಲೇ ಒಳಗಿನ ರಬ್ಬರ್ ತಿರುಚಿಕೊಂಡು ಹಾಗೆಯೇ ಉಳಿಯುತ್ತದೆ. ಸವಾರಿ ಗಡುಸಾಗುತ್ತದೆ, ಬುಷ್ ಬೇಗ ಹರಿಯುತ್ತದೆ, ಬೈಗುಳ ಬೀಮ್‌ಗೆ! ಮೊದಲು ಬೋಲ್ಟನ್ನು ಸಡಿಲವಾಗಿ ಕೂರಿಸಿ, ಕಾರಿನ ಭಾರವನ್ನು ಚಕ್ರಗಳ ಮೇಲೆ ಇಳಿಸಿ, ಹಿಂಭಾಗವನ್ನು ಮೂರ್ನಾಲ್ಕು ಸಲ ಒತ್ತಿ ಬಿಟ್ಟು, ಬಳಿಕ ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿದರೆ ಎರಡೂ ಬದಿಯದ್ದನ್ನು ಒಟ್ಟಿಗೇ ಬದಲಿಸಿ.

ಅಲೈನ್‌ಮೆಂಟ್ ಮಾಡಿಸುವಾಗ ಹಿಂದಿನ ಚಕ್ರಗಳ ಕೋನದ ಅಳತೆಯನ್ನೂ ಕೇಳಿ ಪಡೆಯಿರಿ. ಬಹುತೇಕ ಬೀಮ್‌ಗಳಲ್ಲಿ ಅದನ್ನು ತಿದ್ದಲು ಬರುವುದಿಲ್ಲ. ಅಳತೆ ತಪ್ಪಿದ್ದರೆ ಬೀಮ್ ಅಥವಾ ಚಕ್ರ ಕೂರುವ ಗಿಡ್ಡ ಅಚ್ಚು (ಸ್ಟಬ್ ಆಕ್ಸಲ್) ಬಾಗಿರುವ ಸಾಧ್ಯತೆಯೇ ಹೆಚ್ಚು.

ವಿಮರ್ಶಕರಲ್ಲಿ ಒಂದು ಕೋರಿಕೆ: ಹಿಂದೆ ಮೂವರನ್ನು ಕೂರಿಸಿ, ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ತುಂಬಿದ ಕಾರಿಗೆ ಸೂಚಿಸಿದಷ್ಟು ಗಾಳಿ ತುಂಬಿಸಿ, ಅದೇ ರಸ್ತೆಯಲ್ಲಿ ಮತ್ತೊಮ್ಮೆ ಓಡಿಸಿ ಬರೆಯಿರಿ.

– ಒಬ್ಬ ವಾಹನ ತಂತ್ರಜ್ಞ